ಚಕ್ಕುಬಂದಿ

ಪೂರ್ವಕ್ಕ ಝರೆಪ್ಪನ ಟೈಪಿಂಗ್ ಮೇಜು,
ಪಶ್ಚಿಮಕ್ಕ ಚಹಾದ ಬಂಡಿ,
ಉತ್ತರಕ್ಕ ಕಚೇರಿಯ ಪಾನ್ ಉಗುಳಿದ ಗ್ವಾಡಿ,
ದಕ್ಷಿಣಕ್ಕ ಬೇವಿನ ಗಿಡ.
ಈ ನಾಕರ ನಡುವ ಇಪ್ಪತ್ತಮೂರು ವರ್ಷ
ಕುಂತಿದ್ದೆ ನಾನು, ವೈಜಿನಾಥ,
ಬೀದರಿನ ದಸ್ತಾವೇಜು ಬರಹಗಾರ,
ಲೈಸನ್ಸ್ ಸಹಿತ, ಬೆನ್ನುಬ್ಯಾನಿ ಸಹಿತ.

ನಿಧಿ, ನಿಕ್ಷೇಪ, ಜಲ, ಪಾಷಾಣ,
ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ:
ನಿದ್ದ್ಯಾಗ ಎಬ್ಬಿಸಿ ಕೇಳಿದರೂ ಹೇಳತಿದ್ದೆ.
ಎಂಟೂ ಭೋಗ ಮಂದಿಗಿ ಬರಕೊಟ್ಟೆ
ಪುಟಕ್ಕಿಷ್ಟು ಅಂತ ತಗೊಂಡು.
ಪಾಷಾಣ ಅಂದರ ಕಲ್ಲು, ಗೊತ್ತಿತ್ತು.
ಮುಟ್ಟಿ ನೋಡಿದ್ದಿಲ್ಲ.

ಮುಟ್ಟಿದ್ದು ಹೆಬ್ಬೆಟ್ಟು, ಸಾವಿರಗಟ್ಲೆ.
ಹಿಡದು, ಮಸಿ ಹಚ್ಚಿ, ಎಡಕ್ಕಿಟ್ಟು ಬಲಕ್ಕ ಹೊಳ್ಳಿಸಿ
'ಕೈ ಸಡ್ಲ ಬಿಡ್ರಿ ಯಜಮಾನ್ರ, ಸಡ್ಲ ಬಿಡ್ರಿ.'
ಯಾರೂ ಬಿಡತಿದ್ದಿಲ್ಲ.

ಭಾಲ್ಕಿ ಕಡೀ ಹೆಣಮಗಳೊಬ್ಬಾಕಿ
ತವರಿನ ಪಾಲು ಬಿಟ್ಟುಕೊಡಲಿಕ್ಕ ಬಂದಿದ್ದಳು.
ಅಣ್ಣದೇರು ಮೂರು ಮಂದಿ, ಅವರ ಕೈಯಾಗ ಮಿಠಾಯಿ ಡಬ್ಬಿ.
ಓದಿ ಹೇಳ್ರಿ ಅಂದಳು. ಓದಿದೆ.
'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ...'
ಪೂರಾ ಕೇಳಿ, ಸೆರಗು ಸರಿ ಮಾಡಿಕೊಂಡು,
'ಭಾಳ ಚಂದ ಬರದೀರಣ್ಣ' ಅಂದಳು.
ಹೊಗಳಿದಳೋ ಏನೋ, ಇವತ್ತಿಗೂ ತಿಳಿದಿಲ್ಲ.
ಹೆಬ್ಬೆಟ್ಟಿನ ಮಸಿ ಬೇವಿನ ಗಿಡಕ್ಕ ಒರಸಿ ಹೋದಳು.
ಅವತ್ತು ಡಬ್ಬಿಯೊಳಗಿನ ರೊಟ್ಟಿ ಹಂಗೇ ಮನಿಗಿ ಬಂತು.

ಊರ ಹೊರಗ, ಹಳೇ ಗುಮ್ಮಟದ ಬುಡದಾಗ
ಚಾಂದಪಾಶಾ ಮೇಸ್ತ್ರಿ ಗಾರಿ ಅರಸತಿದ್ದ.
ಸುಣ್ಣ, ಬೆಲ್ಲದ ನೀರು, ಬಿಲ್ವದ ಕಾಯಿ ಕೊಳಸಿದ ಲೋಳಿ,
ನೆನಸಿದ ಉದ್ದು. ನಾರುತಿತ್ತು,
ಬಾಣಂತಿ ಕೋಣಿ ನಾರಿದಂಗ.
ಮೈದುನನ ಹಾಜರಿಪಟ್ಟಿ ಕೊಡಲಿಕ್ಕ ಹೋದಾವ
ಸಂಜೀತನ ನಿಂತೇ ಇದ್ದೆ.
'ನಾನೂ ಹಿಡೀಲೇನ್ರಿ ಥಾಪಿ?'
ಅವ ನನ್ನ ಅಂಗಿ ನೋಡಿದ, ಪೆನ್ನು ನೋಡಿದ.
'ಸುಣ್ಣ ಕಚ್ಚತದ, ಸಾಬ್.'

ನಲವತ್ತಾರಕ್ಕ ಕೂಲಿ ಆದೆ.
ಝರೆಪ್ಪ ನಕ್ಕ. ಮೈದುನ ನಗಲಿಲ್ಲ, ಅದು ಇನ್ನಾ ಕೆಟ್ಟದ್ದು.
ಜಗದೇವಿ ಮೂರು ದಿನ ಮಾತಾಡಲಿಲ್ಲ.
ನಾಕನೇ ದಿನ ಕೇಳಿದಳು:
'ಭಾಗ್ಯವಂತಿಯ ಎರಡನೇ ವರ್ಷದ ಫೀ
ಯಾರ ಹೆಸರಿಗಿ ಬರೀತಿ?'
ಝೆರಾಕ್ಸ್ ಮಶೀನು ಮಾರಿ ಅರ್ಧ ಕಟ್ಟಿದೆ.
ಇನ್ನರ್ಧ ಅದ, ಹಂಗೇ.
ರಾತ್ರಿ ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ
ನನ್ನ ಮುಂದ ಇಟ್ಟು ಒಳಗ ಹೋದಳು.

ಮೊದಲ ಗ್ವಾಡಿ ಬಿರಕು ಬಿಟ್ಟಿತು.
ಒಂಬತ್ತು ದಿನದ ಗಾರಿ ಕೆರಿಸಿ ಒಗೆಸಿದ ಮೇಸ್ತ್ರಿ,
ಒಂದು ಮಾತು ಬೈಯಲಿಲ್ಲ.
ಬರದ ಪತ್ರದಾಗ ಒಂದಕ್ಷರ ತಪ್ಪಿದರ
ತಿದ್ದುಪಡಿ ಮಾಡಿ ಮತ್ತ ರೊಕ್ಕ ತಗೊಂಡಾವ ನಾನು.

ಕಾರಹುಣ್ಣಿವಿ ಆದ ಮ್ಯಾಲ ಒಂದಿನ, ಕಮಾನಿನ ಕೆಳಗ
ಹೊಗಿ ಕೂತ ಪದರು ಮೆಲ್ಲಕ ತೆಗಿಯುವಾಗ
ಸುಣ್ಣದಾಗ ತಿದ್ದಿದ ಒಂದು ಎಲಿ ಸಿಕ್ಕಿತು.
ಎಲಿಯ ತುದಿಗಿ ಒಂದು ಹೆಬ್ಬೆಟ್ಟು.
ಹಸೀ ಇದ್ದಾಗ ಒತ್ತಿದ್ದು, ಗೆರಿ ಸಹಿತ.
ಬರಕೊಟ್ಟಾವ ಯಾರು, ಬರಸಿಕೊಂಡಾವ ಯಾರು, ಇಲ್ಲ.
ಛಾಪಾ ಇಲ್ಲ, ಸಾಕ್ಷಿಗಿ ಪಾರಿವಾಳದ ಹಿಕ್ಕಿ.
ನನ್ನ ಹೆಬ್ಬೆಟ್ಟು ಅದರಾಗ ಇಟ್ಟು ನೋಡಿದೆ.
ಅವನದು ಜರಾ ದೊಡ್ಡದು.
ಸಡ್ಲ ಬಿಟ್ಟ ಕೈ.

ಮೊನ್ನೆ ರೇಷನ್ ಅಂಗಡ್ಯಾಗ ಮಶೀನು ನನ್ನ ಗುರುತು ಹಿಡೀಲಿಲ್ಲ.
ಒರಸಿ ಇಟ್ಟೆ, ತೊಳದು ಇಟ್ಟೆ, ಬ್ಯಾರೇ ಬೆರಳು ಇಟ್ಟೆ.
ಗೆರಿ ಎಲ್ಲಾ ಸುಣ್ಣ ತಿಂದದ.
'ಕೈ ಸಡ್ಲ ಬಿಡ್ರಿ ಅಂಕಲ್' ಅಂದ ಹುಡುಗ.
ಸಡ್ಲೇ ಇತ್ತು.
ಹಿಂದ ನಿಂತವರು ಗೊಣಗಿದರು.
ಜಗದೇವಿ ಮುಂದ ಬಂದು ತನ್ನದಿಟ್ಟಳು.
ಪೀಂ ಅಂತು.
ಅಕ್ಕಿ ಹದಿನೈದು ಕಿಲೋ. ಜೋಳ ಈ ತಿಂಗಳೂ ಇಲ್ಲ.
ಚೀಲ ನಾನೇ ಹೊತ್ತೆ.